ಹೆರಿಗೆ ಕೋಣೆಯ ನಡುಕ

ಎಪಿಡ್ಯೂರಲ್ ಅರಿವಳಿಕೆಯಲ್ಲಿ ಸಿಸೇರಿಯನ್ ಹೆರಿಗೆಯಾಗುವ ತಾಯಿಗೆ ಎಚ್ಚರವಿರುತ್ತದೆ, ನೋವಿರುವುದಿಲ್ಲ. ಮಗುವಿನ ಮೊದಲ ಅಳು ಅವಳ ಕಿವಿಗೇ ಬೀಳುತ್ತದೆ. ಆದರೆ ಆ ಹೊತ್ತಿನಲ್ಲೇ ಹಲವು ತಾಯಂದಿರ ಹಲ್ಲು ಕಟಕಟಿಸುತ್ತದೆ. ಭುಜ, ತೋಳುಗಳು ನಡುಗುತ್ತವೆ. ಮಗುವನ್ನು ಎದೆಗವಚಿಕೊಳ್ಳಲೂ ಕೈ ನಿಲ್ಲುವುದಿಲ್ಲ. 'ಹೆದರಿದ್ದಾಳೆ' ಎಂದು ಸುತ್ತಲಿನವರು ಹೇಳುವುದುಂಟು. ಭಯವೊಂದೇ ಇದಕ್ಕೆ ಕಾರಣವೇ?

ಸ್ಪೇನಿನ ಸೇನಾ ಶಸ್ತ್ರವೈದ್ಯ ಫಿಡೆಲ್ ಪಾಖೆಸ್ ಸೊಂಟದ ಭಾಗದ ಎಪಿಡ್ಯೂರಲ್ ವಿಧಾನವನ್ನು ವಿವರಿಸಿದ್ದು 1921ರಲ್ಲಿ. ಎರಡೇ ವರ್ಷಗಳಲ್ಲಿ ಆತ ಕಾರು ಅಪಘಾತದಲ್ಲಿ ತೀರಿಕೊಂಡ. 1931ರಲ್ಲಿ ಇಟಲಿಯ ದೊಗ್ಲಿಯೊತ್ತಿ ಈ ವಿಧಾನವನ್ನು ಜಗತ್ತಿಗೆ ಪರಿಚಯಿಸಿದ. 1947ರಲ್ಲಿ ಕ್ಯೂಬಾದ ಕುರ್ಬೆಲೊ ತೆಳು ನಳಿಕೆಯ ಮೂಲಕ ಔಷಧವನ್ನು ನಿರಂತರವಾಗಿ ಕೊಡಬಹುದೆಂದು ತೋರಿಸಿದ. ನೋವು ಗೆದ್ದಿತು, ನಡುಕ ಉಳಿಯಿತು.

ನಮ್ಮ ದೇಹ ಚಳಿಯಲ್ಲಿ ಕೈಕಾಲುಗಳ ರಕ್ತನಾಳಗಳನ್ನು ಸಂಕುಚಿಸಿ ಬಿಸಿಯನ್ನು ಒಡಲೊಳಗೆ ಕಾಪಾಡುತ್ತದೆ. ಎಪಿಡ್ಯೂರಲ್ ಆ ನರಗಳನ್ನೂ ಮಂಕಾಗಿಸುತ್ತದೆ. ಆಗ ಕಾಲಿನ ನಾಳಗಳು ಹಿಗ್ಗಿ, ಒಡಲಿನ ಬಿಸಿ ಅತ್ತ ಹರಿಯುತ್ತದೆ. ಅಮೆರಿಕದ ಡೇನಿಯಲ್ ಸೆಸ್ಲರ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಮೊದಲ ಗಂಟೆಯಲ್ಲಿ ಒಳ ಉಷ್ಣತೆ ಸುಮಾರು 0.8 ಡಿಗ್ರಿ ಸೆಲ್ಸಿಯಸ್ ಇಳಿಯಿತು. ಅದರ ಬಹುಪಾಲು ಹೊರಗೆ ಸೋರಿಹೋದ ಬಿಸಿಯಲ್ಲ, ದೇಹದೊಳಗೇ ಸ್ಥಳ ಬದಲಿಸಿದ ಬಿಸಿ! ಮಿದುಳು ನಡುಗುವಂತೆ ಆಜ್ಞೆ ಕೊಡುತ್ತದೆ. ಮರಗಟ್ಟಿದ ಕಾಲು ಸುಮ್ಮನಿರುತ್ತದೆ, ಮೇಲ್ಭಾಗ ನಡುಗುತ್ತದೆ. ಎಷ್ಟೋ ವೇಳೆ ತಾಯಿಗೆ ಚಳಿಯೆನಿಸುವುದೂ ಇಲ್ಲ.

ನಡುಕದಿಂದ ದೇಹಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ; ರಕ್ತದೊತ್ತಡ, ಇಸಿಜಿಗಳ ಅಳತೆ ಕೆಡುತ್ತದೆ. ಇದಕ್ಕೆ ಬಳಕೆಗೆ ಬಂದ ಪೆಥಿಡಿನ್ 1939ರಲ್ಲಿ ಜರ್ಮನಿಯಲ್ಲಿ ಬೆಳಕಿಗೆ ಬಂದದ್ದು, ಸ್ನಾಯು ಸೆಳೆತದ ಔಷಧದ ಹುಡುಕಾಟದಲ್ಲಿ. ನಡುಕವನ್ನು ಅದು ಚೆನ್ನಾಗಿ ತಡೆಯುತ್ತದೆ. ಆದರೆ ಹೆರಿಗೆಗೆ ಮುಂಚೆ ಕೊಟ್ಟರೆ ಮಾಸುವಿನ ಮೂಲಕ ಮಗುವನ್ನು ಸೇರಿ ಅದರ ಉಸಿರಾಟವನ್ನು ಕುಗ್ಗಿಸಬಹುದು.

ಹಾಗಾಗಿ ಮೊದಲೇ ಬೆಚ್ಚಗಿಡುವ ಉಪಾಯಕ್ಕೆ ಬೆಲೆ ಬಂತು. ಕಾಲು, ಚರ್ಮ ಮುಂಚೆಯೇ ಬೆಚ್ಚಗಿದ್ದರೆ ಒಡಲಿನ ಬಿಸಿ ಅತ್ತ ಹರಿಯುವುದು ಕಡಿಮೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 30 ತಾಯಂದಿರಿದ್ದರು. ಎಪಿಡ್ಯೂರಲ್‌ಗೆ 15 ನಿಮಿಷ ಮುಂಚಿನಿಂದ ಬಿಸಿಗಾಳಿಯ ಹೊದಿಕೆ ಪಡೆದ 15 ಮಂದಿಯಲ್ಲಿ ನಡುಗಿದವರು 2. ಪಡೆಯದ 15ರಲ್ಲಿ 9. ಹೊದಿಕೆ ಪಡೆದ ತಾಯಂದಿರ ಶಿಶುಗಳೂ ಹೆಚ್ಚು ಬೆಚ್ಚಗಿದ್ದವು.

ಬಾಣಂತಿಗೆ ಗಾಳಿ ತಾಗಬಾರದೆಂದು ನಮ್ಮ ಅಜ್ಜಿಯರು ಕಾಯುತ್ತಿದ್ದುದು ಹೆರಿಗೆಯ ನಂತರ. ಈ ಬಿಸಿ ಬೇಕಾಗಿರುವುದು ಅದಕ್ಕೂ ಮುಂಚೆ. ಶಸ್ತ್ರಕ್ರಿಯೆಗೆ ಹೋಗುವ ಗರ್ಭಿಣಿ, ಬೆಚ್ಚಗಿಡುವ ವ್ಯವಸ್ಥೆ ಏನಿದೆಯೆಂದು ಅರಿವಳಿಕೆ ತಜ್ಞರನ್ನು ಸಂಕೋಚವಿಲ್ಲದೆ ಕೇಳಬಹುದು.