ಬಂಕಾಪುರ ಮತ್ತು ಸುತ್ತಲಿನ ತಾಲ್ಲೂಕುಗಳಲ್ಲಿ ವಿದ್ಯಾರ್ಥಿಗಳ ಒಂದು ದಿನದ ಸಾಂಸ್ಕೃತಿಕ ಪ್ರವಾಸ

ಪೀಠಿಕೆ

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿಗೆ ಸೇರಿದ ಬಂಕಾಪುರವು ಹಾವೇರಿ ಮತ್ತು ಹುಬ್ಬಳ್ಳಿಗಳ ನಡುವೆ ರಾಷ್ಟ್ರೀಯ ಹೆದ್ದಾರಿ 48ರ ಸಮೀಪದಲ್ಲಿದೆ. ದೂರದ ಊರುಗಳಿಗೆ ಹೊರಟ ಶಾಲಾ ಪ್ರವಾಸದ ಬಸ್ಸುಗಳು ಸಾಮಾನ್ಯವಾಗಿ ಇಲ್ಲಿ ನಿಲ್ಲದೆ ಮುಂದೆ ಸಾಗುತ್ತವೆ. ಹಲವು ದಿನಗಳ ಪ್ರವಾಸಕ್ಕೆ ವಸತಿ, ಊಟ ಹಾಗೂ ಬಸ್ಸಿನ ವೆಚ್ಚ ಸೇರುವುದರಿಂದ ಹಣ ಹೊಂದಿಸಲಾಗದ ಕುಟುಂಬಗಳ ಮಕ್ಕಳು ಶಾಲೆಯಲ್ಲಿಯೇ ಉಳಿಯುತ್ತಾರೆ. ಬೆಳಿಗ್ಗೆ ಹೊರಟು ಸಂಜೆ ಮರಳುವ ಪ್ರವಾಸದಲ್ಲಿ ವಸತಿಯ ವೆಚ್ಚವಿಲ್ಲ, ರಾತ್ರಿ ಪ್ರಯಾಣವೂ ಇಲ್ಲ. ಆದ್ದರಿಂದ ತರಗತಿಯ ಎಲ್ಲ ಮಕ್ಕಳನ್ನೂ ಕರೆದೊಯ್ಯಲು ಸಾಧ್ಯವಾಗುತ್ತದೆ. ಇಂತಹ ಪ್ರವಾಸವನ್ನು ಯೋಜಿಸುವ ಮುಖ್ಯೋಪಾಧ್ಯಾಯರು, ಶಿಕ್ಷಕರು ಮತ್ತು ಪಾಲಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಬಂಕಾಪುರದ ಮಹತ್ವ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಸಾಮಂತನಾದ ಬಂಕೆಯನ ಹೆಸರಿನಿಂದ ಊರಿಗೆ ಬಂಕಾಪುರವೆಂಬ ಹೆಸರು ಬಂದಿದೆ. ಅವನ ಮಗ ಲೋಕಾದಿತ್ಯನು ಇಲ್ಲಿಂದ ಆಳುತ್ತಿದ್ದ ಕಾಲದ ಉಲ್ಲೇಖವು ಗುಣಭದ್ರಾಚಾರ್ಯರ ಉತ್ತರಪುರಾಣದ ಪ್ರಶಸ್ತಿಯಲ್ಲಿದ್ದು, ಅದು ಶಕ ವರ್ಷ 820ಕ್ಕೆ, ಅಂದರೆ ಕ್ರಿ.ಶ. 898ಕ್ಕೆ ಸೇರಿದೆ. ಹತ್ತನೆಯ ಶತಮಾನದಲ್ಲಿ ಅಜಿತಸೇನಾಚಾರ್ಯರು ನೆಲೆಸಿದ್ದ ಬಂಕಾಪುರವು ಪ್ರಸಿದ್ಧ ವಿದ್ಯಾಕೇಂದ್ರವಾಗಿತ್ತು. ಗಂಗ ಅರಸ ಮಾರಸಿಂಹನು ಅವರ ಸಾನ್ನಿಧ್ಯದಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದುದನ್ನು ಶ್ರವಣಬೆಳಗೊಳದ ಶಾಸನವು ದಾಖಲಿಸಿದೆ.

ಮುಧೋಳದ ಬಳೆಗಾರರ ಮನೆತನದಲ್ಲಿ ಜನಿಸಿದ ರನ್ನನು ವಿದ್ಯೆಯನ್ನರಸಿ ಊರು ಬಿಟ್ಟು ಬಂದು ಅಜಿತಸೇನಾಚಾರ್ಯರ ಶಿಷ್ಯನಾದನೆಂದು ಸಾಹಿತ್ಯ ಚರಿತ್ರೆ ತಿಳಿಸುತ್ತದೆ. ಪಠ್ಯಪುಸ್ತಕದಲ್ಲಿ ರನ್ನನ ಹೆಸರನ್ನು ಓದಿರುವ ವಿದ್ಯಾರ್ಥಿಗಳಿಗೆ ಈ ಸಂಗತಿಯನ್ನು ಹೊರಡುವ ಮುನ್ನವೇ ತಿಳಿಸಿದಲ್ಲಿ ಊರಿನ ಪರಿಚಯ ಸುಲಭವಾಗುವುದು.

ಬಂಕಾಪುರದಲ್ಲಿ ನೋಡತಕ್ಕ ಸ್ಥಳಗಳು

1. ನಗರೇಶ್ವರ ದೇವಾಲಯ: ಕೋಟೆಯೊಳಗಿರುವ ಈ ದೇವಾಲಯವು ಕಲ್ಯಾಣ ಚಾಲುಕ್ಯ ಶೈಲಿಯದು. ಜನರು ಇದನ್ನು ಅರವತ್ತು ಕಂಬದ ಗುಡಿ ಎಂದು ಕರೆಯುತ್ತಾರೆ. ಕಂಬಗಳನ್ನು ವಿದ್ಯಾರ್ಥಿಗಳಿಂದಲೇ ಎಣಿಸಿ, ಹೆಸರಿನಲ್ಲಿರುವ ಸಂಖ್ಯೆಯೊಂದಿಗೆ ಹೋಲಿಸಿ ನೋಡಲು ಹೇಳಬಹುದು. ನುಣುಪಾಗಿ ಕಡೆದ ಕಂಬಗಳ ವಿನ್ಯಾಸವನ್ನು ಚಿತ್ರ ಬರೆದುಕೊಳ್ಳುವುದೂ ಉತ್ತಮ ಅಭ್ಯಾಸ.

2. ಶಾಸನಗಳು: ಬಂಕಾಪುರದ ಕ್ರಿ.ಶ. 1055ರ ಕನ್ನಡ ಶಾಸನವು ಚಾಲುಕ್ಯ ರಾಜಕುಮಾರ ವಿಕ್ರಮಾದಿತ್ಯನು ಗಂಗವಾಡಿ ಮತ್ತು ಬನವಾಸಿ ಪ್ರಾಂತಗಳನ್ನು ಆಳುತ್ತಿದ್ದುದನ್ನೂ, ಅವನ ಅಧೀನನಾದ ಕದಂಬ ಹರಿಕೇಸರಿಯನ್ನೂ ಹೆಸರಿಸುತ್ತದೆ. ಶಾಸನದ ಕಲ್ಲಿನ ಮೇಲೆ ಸುಣ್ಣ, ಬಣ್ಣ, ಎಣ್ಣೆ ಅಥವಾ ಸೀಮೆಸುಣ್ಣ ಹಚ್ಚಬಾರದು.

3. ನವಿಲುಧಾಮ: ಕೋಟೆ ಪ್ರದೇಶದ 139 ಎಕರೆ ಭೂಮಿಯನ್ನು 2006ರಲ್ಲಿ ನವಿಲು ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಮುಂಜಾನೆ ಮತ್ತು ಸಂಜೆ ನವಿಲುಗಳು ಹೆಚ್ಚಾಗಿ ಕಾಣಸಿಗುತ್ತವೆ. ಮಳೆಗಾಲದ ನಂತರ ಗಂಡು ನವಿಲುಗಳು ಉದ್ದನೆಯ ಗರಿಗಳನ್ನು ಉದುರಿಸುವುದರಿಂದ, ನವೆಂಬರ್ ಮತ್ತು ಡಿಸೆಂಬರ್ ತಿಂಗಳ ಪ್ರವಾಸಗಳಲ್ಲಿ ನವಿಲಿನ ನೃತ್ಯವನ್ನು ನಿರೀಕ್ಷಿಸಬಾರದೆಂದು ಮಕ್ಕಳಿಗೆ ಮೊದಲೇ ತಿಳಿಸುವುದು ಒಳಿತು.

ಸಮೀಪದ ಸ್ಥಳಗಳು

ಬಾಡ: ಶಿಗ್ಗಾಂವಿ ತಾಲ್ಲೂಕಿನಲ್ಲಿಯೇ ಇರುವ ಕನಕದಾಸರ ಜನ್ಮಸ್ಥಳ. ಕನಕದಾಸರ ನೆನಪಿಗಾಗಿ ಕಟ್ಟಲಾದ ಅರಮನೆಯನ್ನು ಇಲ್ಲಿ ನೋಡಬಹುದು.

ಗೊಟಗೋಡಿ: ಗ್ರಾಮೀಣ ಬದುಕನ್ನು ಶಿಲ್ಪಗಳಲ್ಲಿ ತೋರಿಸುವ ಉತ್ಸವ ರಾಕ್ ಗಾರ್ಡನ್ ಹಾಗೂ 2011ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇಲ್ಲಿವೆ.

ಸವಣೂರು: ನವಾಬರ ಆಳ್ವಿಕೆಯ ಕೇಂದ್ರವಾಗಿದ್ದ ಊರು. ಆಫ್ರಿಕಾ ಮೂಲದ ದೊಡ್ಡ ಹುಣಸೆ ಮರಗಳಿಗೆ ಪ್ರಸಿದ್ಧವಾಗಿದೆ.

ಹಾನಗಲ್ಲು: ಶಾಸನಗಳಲ್ಲಿ ಪಾನುಂಗಲ್ ಎಂದು ಕರೆಯಲ್ಪಟ್ಟ ಕದಂಬರ ರಾಜಧಾನಿ. ತಾರಕೇಶ್ವರ ದೇವಾಲಯದ ಮಂಟಪದ ಒಳಮಾಳಿಗೆಯಲ್ಲಿ ಕೆತ್ತಿರುವ ಬೃಹತ್ ಕಮಲವು ಗಮನಾರ್ಹವಾಗಿದೆ.

ಹಿರೇಕೆರೂರು ತಾಲ್ಲೂಕಿನ ಅಬಲೂರು: ಸರ್ವಜ್ಞನ ಹೆಸರಿನೊಂದಿಗೆ ಮತ್ತು ಶಿವಶರಣ ಏಕಾಂತದ ರಾಮಯ್ಯನ ಶಾಸನದೊಂದಿಗೆ ಗುರುತಿಸಲ್ಪಡುವ ಗ್ರಾಮ. ಬಂಕಾಪುರದಿಂದ ದೂರವಿರುವುದರಿಂದ ಇದಕ್ಕೆ ಪ್ರತ್ಯೇಕ ದಿನವನ್ನು ನಿಗದಿಪಡಿಸುವುದು ಸೂಕ್ತ.

ಒಂದು ದಿನದಲ್ಲಿ ಮೂರಕ್ಕಿಂತ ಹೆಚ್ಚು ಸ್ಥಳಗಳನ್ನು ಸೇರಿಸಿದಲ್ಲಿ ಮಕ್ಕಳ ಸಮಯವೆಲ್ಲ ಬಸ್ಸಿನಲ್ಲಿಯೇ ಕಳೆಯುತ್ತದೆ. ಬೆಳಿಗ್ಗೆ ಬಂಕಾಪುರ, ಮಧ್ಯಾಹ್ನ ಬಾಡ ಅಥವಾ ಗೊಟಗೋಡಿ ಎಂಬ ಕ್ರಮವು ಅನುಕೂಲಕರ.

ಪೂರ್ವಸಿದ್ಧತೆ

1. ಪ್ರವಾಸದ ದಿನಾಂಕ, ಮಾರ್ಗ, ವಿದ್ಯಾರ್ಥಿಗಳ ಪಟ್ಟಿ ಮತ್ತು ಜೊತೆಗೆ ಹೋಗುವ ಶಿಕ್ಷಕರ ಹೆಸರುಗಳೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಲಿಖಿತ ಮನವಿ ಸಲ್ಲಿಸಿ, ಅನುಮತಿ ಪಡೆದ ನಂತರವೇ ಹೊರಡತಕ್ಕದ್ದು.

2. ಪ್ರತಿಯೊಬ್ಬ ವಿದ್ಯಾರ್ಥಿಯ ಪಾಲಕರಿಂದ ಸಹಿ ಮಾಡಿದ ಒಪ್ಪಿಗೆ ಪತ್ರವನ್ನು ಪಡೆಯತಕ್ಕದ್ದು. ಅದರಲ್ಲಿ ಪಾಲಕರ ದೂರವಾಣಿ ಸಂಖ್ಯೆ ಮತ್ತು ಮಗುವಿನ ಆರೋಗ್ಯದ ವಿವರ ಇರಬೇಕು.

3. ಬಸ್ಸಿಗಾಗಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಸಮೀಪದ ಘಟಕದಲ್ಲಿ ಮುಂಚಿತವಾಗಿ ವಿಚಾರಿಸಬಹುದು.

4. ನವಿಲುಧಾಮದ ಭೇಟಿಯ ಬಗ್ಗೆ ಅರಣ್ಯ ಇಲಾಖೆಯ ಸ್ಥಳೀಯ ಕಚೇರಿಗೆ ಮೊದಲೇ ತಿಳಿಸುವುದು ಒಳಿತು.

5. ವಿದ್ಯಾರ್ಥಿನಿಯರಿರುವ ತಂಡದೊಂದಿಗೆ ಶಿಕ್ಷಕಿಯರು ಇರತಕ್ಕದ್ದು.

ಸುರಕ್ಷತೆ

2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲತೀರದಲ್ಲಿ ನೀರುಪಾಲಾದರು. ಅಪಾಯವು ಸಮುದ್ರಕ್ಕೆ ಮಾತ್ರ ಸೀಮಿತವಲ್ಲ. ಕೋಟೆಯ ಕಂದಕ, ಕೆರೆಯ ದಂಡೆ ಮತ್ತು ಹಳೆಯ ಬಾವಿಗಳ ಬಳಿಯೂ ಅಷ್ಟೇ ಎಚ್ಚರ ಅಗತ್ಯ. ಮಕ್ಕಳನ್ನು ಚಿಕ್ಕ ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿಗೆ ಒಬ್ಬ ಶಿಕ್ಷಕರನ್ನು ಹೊಣೆಗಾರರನ್ನಾಗಿ ಮಾಡತಕ್ಕದ್ದು. ಬಸ್ಸು ಹತ್ತುವಾಗ ಮತ್ತು ಇಳಿಯುವಾಗ ಹಾಜರಿ ತೆಗೆದುಕೊಳ್ಳತಕ್ಕದ್ದು. ಕೋಟೆಯ ಗೋಡೆ ಏರಲು, ಪೊದೆಗಳೊಳಗೆ ಹೋಗಲು ಅವಕಾಶ ಕೊಡಬಾರದು. ತುರ್ತು ಸಂದರ್ಭದಲ್ಲಿ 112 ಅಥವಾ ಅಂಬ್ಯುಲೆನ್ಸ್‌ಗಾಗಿ 108 ಸಂಖ್ಯೆಗೆ ಕರೆ ಮಾಡಬಹುದು.

ಸ್ಮಾರಕ ಮತ್ತು ವನ್ಯಜೀವಿಗಳ ರಕ್ಷಣೆ

ಸಂರಕ್ಷಿತ ಸ್ಮಾರಕದ ಮೇಲೆ ಹೆಸರು ಕೆತ್ತುವುದು ಅಥವಾ ಅದಕ್ಕೆ ಹಾನಿ ಮಾಡುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯನ್ವಯ ಅಪರಾಧ. 2010ರ ತಿದ್ದುಪಡಿಯಂತೆ ಇದಕ್ಕೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅವುಗಳನ್ನು ಬೆನ್ನಟ್ಟುವುದು, ಕಲ್ಲೆಸೆಯುವುದು ಮತ್ತು ಪ್ಲಾಸ್ಟಿಕ್ ಬಿಸಾಡುವುದನ್ನು ತಡೆಯುವುದು ಶಿಕ್ಷಕರ ಹೊಣೆ.

ಪ್ರವಾಸದ ವೆಚ್ಚವನ್ನು ಪಾಲಕರ ಸಭೆಯಲ್ಲಿ ಮುಂಚಿತವಾಗಿ ತಿಳಿಸಿ, ಶುಲ್ಕ ಕೊಡಲಾಗದ ಮಕ್ಕಳ ವಿಷಯವನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮುಂದೆ ಇಟ್ಟು ಇತ್ಯರ್ಥಪಡಿಸಿಕೊಳ್ಳಲು ಮುಖ್ಯೋಪಾಧ್ಯಾಯರನ್ನು ಕೋರಲಾಗಿದೆ. ಹಣದ ಕಾರಣಕ್ಕೆ ಯಾವ ಮಗುವೂ ಹಿಂದುಳಿಯದಂತೆ ನೋಡಿಕೊಳ್ಳುವುದು ಅಪೇಕ್ಷಣೀಯ.