ಹಿರೇಮಣಿಯಿಂದ ಇಂಟರ್ನ್‌ಶಿಪ್‌ವರೆಗೆ: ಪೆನುಕೊಂಡ ಸೀಮೆಯಿಂದ ಕಂಡ ಅಭ್ಯಾಸಪಾಠದ ಇತಿಹಾಸ

ಉಪಾಧ್ಯಾಯ ವೃತ್ತಿಗೆ ಬರುವವರು ನೇಮಕಕ್ಕೆ ಮೊದಲೇ ನಿಜವಾದ ತರಗತಿಯಲ್ಲಿ, ನಿಜವಾದ ಮಕ್ಕಳೆದುರು ನಿಂತು ಪಾಠ ಹೇಳಿ ಕೈ ಪಳಗಿಸಿಕೊಳ್ಳಬೇಕೆಂಬುದು ಇಂದು ಎಲ್ಲರೂ ಒಪ್ಪಿದ ಮಾತು. ಇದಕ್ಕೆ ಹಿಂದಿನವರು ಅಭ್ಯಾಸಪಾಠವೆಂದು ಹೆಸರಿಟ್ಟಿದ್ದರು. ಈಗ ಇಂಟರ್ನ್‌ಶಿಪ್ ಎಂಬ ಹೆಸರು ರೂಢಿಗೆ ಬಂದಿದೆ. ಬಿ.ಇಡಿ. ಕಾಲೇಜುಗಳೊಡನೆ ಹುಟ್ಟಿ, ಹೊರದೇಶದಿಂದ ಬಂದ ಏರ್ಪಾಡಿದು ಎಂಬ ಭಾವನೆ ನಮ್ಮಲ್ಲಿ ಸಾಮಾನ್ಯವಾಗಿದೆ. ಆದರೆ ಇದರ ಬೇರು ನಮ್ಮ ಸೀಮೆಯ ಜಗಲಿಶಾಲೆಗಳ ಮರಳಿನವರೆಗೂ ಹೋಗುತ್ತದೆ ಎಂಬುದಕ್ಕೆ ಇನ್ನೂರು ವರ್ಷಗಳ ಹಿಂದಿನ ಸರ್ಕಾರಿ ಪತ್ರವೊಂದು ಸಾಕ್ಷಿಯಾಗಿದೆ.

ಆ ಪತ್ರವನ್ನು ಬರೆದವನು ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್. ತೆಲುಗು ವ್ಯಾಕರಣವೊಂದನ್ನು ಬರೆದು 1816ರಲ್ಲಿ ಪ್ರಕಟಿಸಿದ ವಿದ್ವಾಂಸ ಈತನೇ. ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳ ಶಾಲೆಗಳ ಲೆಕ್ಕ ಕೇಳಿದಾಗ, ಹಲವು ಕಲೆಕ್ಟರುಗಳು ಅಂಕಿಅಂಶಗಳ ಪಟ್ಟಿ ಕಳುಹಿಸಿ ಕೈತೊಳೆದುಕೊಂಡರು. ಕ್ಯಾಂಬೆಲ್ ಹಾಗೆ ಮಾಡಲಿಲ್ಲ. 1823ರ ಆಗಸ್ಟ್ 17ರಂದು ಅವನು ಕಳುಹಿಸಿದ ವರದಿಯಲ್ಲಿ ಶಾಲೆಯ ಒಳಗಿನ ನಡವಳಿಕೆಯೇ ಚಿತ್ರಿತವಾಗಿದೆ. ಅನಂತಪುರ ಜಿಲ್ಲೆ ಪ್ರತ್ಯೇಕವಾದದ್ದು 1882ರಲ್ಲಿ. ಅಲ್ಲಿಯವರೆಗೆ ಪೆನುಕೊಂಡ, ಮಡಕಶಿರಾ ಮೊದಲಾದ ನಮ್ಮ ಸೀಮೆಗಳೆಲ್ಲವೂ ಬಳ್ಳಾರಿ ಜಿಲ್ಲೆಗೇ ಸೇರಿದ್ದವು. ಆದುದರಿಂದ ಆ ವರದಿ ನಮ್ಮ ಹಿರಿಯರ ಶಾಲೆಗಳ ವರದಿಯೂ ಹೌದು.

ಜಿಲ್ಲೆಯಲ್ಲಿದ್ದ ವಿದ್ಯಾಸಂಸ್ಥೆಗಳು ಒಟ್ಟು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226; ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳು ಶಾಲೆಗಳು, ಮತ್ತು ಇಂಗ್ಲಿಷಿನದು ಒಂದೇ ಒಂದು. ಎರಡು ಭಾಷೆಗಳು ಹೆಚ್ಚುಕಡಿಮೆ ಸರಿಸಮವಾಗಿ ನಡೆದ ಜಿಲ್ಲೆಯಿದು ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ. ಓದುತ್ತಿದ್ದವರು 6,641 ಮಂದಿ. ಅವರಲ್ಲಿ ಹುಡುಗಿಯರು ಕೇವಲ 60.

ಶಾಲೆ ಆರಂಭವಾಗುತ್ತಿದ್ದುದು ಬೆಳಗಿನ ಆರು ಗಂಟೆಗೆ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಅಂಗೈಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಏಟು ಏರುತ್ತಿತ್ತು. ಕೊನೆಯಲ್ಲಿ ಬರುತ್ತಿದ್ದವನ ಅವಸ್ಥೆಯನ್ನು ಓದುಗರೇ ಊಹಿಸಿಕೊಳ್ಳಬಹುದು. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಅನಂತರ ಇದ್ದಿಲ ಪುಡಿ ಬಳಿದ ಹಲಗೆ; ಇಲ್ಲವೆ, ಗಂಜಿ ಹಾಕಿ ಗಟ್ಟಿಮಾಡಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟು ಬೆರೆಸಿ ಬಳಿದ ಕಡತ. ಬರೆಯಲು ಬಳಪ, ಒರೆಸಲು ಒದ್ದೆ ಬಟ್ಟೆ. ಕಡತ, ಬಳಪ ಎಂಬ ನಮ್ಮ ಮಾತುಗಳನ್ನೇ ಕಲೆಕ್ಟರು ತನ್ನ ಇಂಗ್ಲಿಷ್ ವರದಿಯಲ್ಲಿ ಬರೆದಿದ್ದಾನೆ. ಈಗ ನಾವು ಕಚೇರಿಯ ಫೈಲಿಗೆ ಕಡತವೆನ್ನುತ್ತೇವೆ. ಆ ಪದ ಒಂದು ಕಾಲಕ್ಕೆ ಮಕ್ಕಳ ಕೈಯಲ್ಲಿತ್ತೆಂಬುದು ಮರೆತೇ ಹೋಗಿದೆ.

ನಮ್ಮ ವಿಷಯಕ್ಕೆ ಮುಖ್ಯವಾದುದು ಮುಂದಿನ ಸಂಗತಿ. ಮಕ್ಕಳೆಲ್ಲ ಸೇರಿದ ಮೇಲೆ ಅವರನ್ನು ಸಾಮಾನ್ಯವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸುತ್ತಿದ್ದರು. ಮೇಲಿನ ವರ್ಗ ಐಗಳ ನೇರ ನೋಟದಲ್ಲಿರುತ್ತಿತ್ತು. ಕೆಳಗಿನ ವರ್ಗಗಳ ಹೊಣೆಯ ಒಂದು ಪಾಲು ಮೇಲಿನ ವರ್ಗದ ಹುಡುಗರದು. ನಮ್ಮ ಕೂಲಿಮಠಗಳ ಮಾತಿನಲ್ಲಿ ಹೇಳುವುದಾದರೆ ಅವರು ಹಿರೇಮಣಿಗಳು. ಐಗಳು ಮಾತ್ರ ಇಡೀ ಶಾಲೆಯ ಮೇಲೆ ಕಣ್ಣಿಟ್ಟಿರುತ್ತಿದ್ದರು. ಚಿಕ್ಕವರಿಗೆ ಹೇಳಿಕೊಡುತ್ತ ದೊಡ್ಡವರು ತಮ್ಮ ವಿದ್ಯೆಯನ್ನೇ ಗಟ್ಟಿಮಾಡಿಕೊಳ್ಳುವ ಈ ಕ್ರಮವನ್ನು ಕ್ಯಾಂಬೆಲ್ ಮನಸಾರೆ ಮೆಚ್ಚಿದ್ದಾನೆ. ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯುಕ್ತವೇ ಎಂದೂ ಬರೆದಿದ್ದಾನೆ. ಹಿರಿಯನ ಕಣ್ಣೆದುರಿನಲ್ಲಿ ಕಿರಿಯನೊಬ್ಬ ಕಲಿಸಿ ಕಲಿಯುವುದು: ಅಭ್ಯಾಸಪಾಠದ ತಿರುಳು ಇಷ್ಟೇ ಅಲ್ಲವೆ?

ಇಂಗ್ಲೆಂಡಿನ ಅನುಕರಣೆಯ ಕಥೆ ಸ್ವಾರಸ್ಯವಾದುದು. ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ 1789ರಲ್ಲಿ ಮದರಾಸಿನ ಎಗ್ಮೂರಿನಲ್ಲಿದ್ದ ಸೈನಿಕರ ಅನಾಥ ಗಂಡುಮಕ್ಕಳ ಆಶ್ರಮದ ಮೇಲ್ವಿಚಾರಕನಾದ. ಅವನ ಉಪಾಧ್ಯಾಯರು ಹೊಸ ಕ್ರಮ ಯಾವುದಕ್ಕೂ ಒಪ್ಪುವವರಲ್ಲ. ಒಂದು ದಿನ ಸ್ಥಳೀಯ ಶಾಲೆಯೊಂದರ ಮಕ್ಕಳು ಮರಳಿನಲ್ಲಿ ಅಕ್ಷರ ತಿದ್ದುವುದನ್ನು ಕಂಡು, ತನ್ನಲ್ಲಿಯೂ ಹಾಗೆಯೇ ಮಾಡಿಸಬೇಕೆಂದು ಹೇಳಿದ, ಉಪಾಧ್ಯಾಯರು ಕೈಚೆಲ್ಲಿದರು. ಆಗ ಬೆಲ್ ಜಾನ್ ಫ್ರಿಸ್ಕನ್ ಎಂಬ ಎಂಟು ವರ್ಷದ ಹುಡುಗನಿಗೇ ಆ ವರ್ಗವನ್ನು ಒಪ್ಪಿಸಿದ, ಕೆಲಸ ನಡೆಯಿತು. ಊರಿಗೆ ಮರಳಿ 1797ರಲ್ಲಿ ಅವನು ಪ್ರಕಟಿಸಿದ ಪುಸ್ತಕದಿಂದ ಈ ಕ್ರಮಕ್ಕೆ ಮದರಾಸು ಪದ್ಧತಿಯೆಂದೇ ಹೆಸರಾಯಿತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸಿನಲ್ಲಿ ಅವನ ಹಣದಿಂದ ಕಟ್ಟಿದ ಶಾಲೆಗೆ ಇಂದಿಗೂ ಮದ್ರಾಸ್ ಕಾಲೇಜ್ ಎಂದೇ ಹೆಸರು.

ಹಾಗೆಂದು ಹಳೆಯದನ್ನೆಲ್ಲ ಬಂಗಾರವೆನ್ನುವುದು ಸರಿಯಲ್ಲ. ಕ್ಯಾಂಬೆಲ್ಲನೇ ಒಂದು ದೊಡ್ಡ ದೋಷವನ್ನು ತೋರಿಸಿದ್ದಾನೆ. ಮಕ್ಕಳು ಬಾಯಿಪಾಠ ಮಾಡುತ್ತಿದ್ದ ಕಾವ್ಯಗಳ ಭಾಷೆ ಆಡುಮಾತಿನಿಂದ ಬಹುದೂರ. ಅವುಗಳ ಅರ್ಥವನ್ನು ಬಿಡಿಸಿ ಹೇಳಬಲ್ಲ ಉಪಾಧ್ಯಾಯರು ಕಡಮೆ. ಅದನ್ನು ತಿಳಿದ ಶಿಷ್ಯರು ಇನ್ನೂ ಕಡಮೆ. ಹಿರೇಮಣಿ ತನಗೆ ತಿಳಿಯದುದನ್ನೇ ಕಿರಿಯರಿಗೆ ದಾಟಿಸುತ್ತಿದ್ದ. ಜನರ ಬಡತನದಿಂದ ಶಾಲೆಗಳು ಕ್ಷೀಣಿಸುತ್ತಿವೆ ಎಂದೂ, ಯೂರೋಪಿನ ಬಟ್ಟೆ ಬಂದು ಇಲ್ಲಿಯ ನೇಯ್ಗೆಯವರ ಕಸುಬು ಕೆಟ್ಟದ್ದು ಆ ಬಡತನದ ಒಂದು ಕಾರಣವೆಂದೂ ಅವನು ಮುಚ್ಚುಮರೆಯಿಲ್ಲದೆ ಬರೆದ.

ಈ ವರದಿಗಳನ್ನೆಲ್ಲ ಓದಿದ ಮನ್ರೋ 1826ರ ಮಾರ್ಚ್ 10ರಂದು ತನ್ನ ಯೋಜನೆಯನ್ನು ಮುಂದಿಟ್ಟ. ಪ್ರತಿ ಕಲೆಕ್ಟರಿಗೆ ಎರಡು ಶಾಲೆ, ಪ್ರತಿ ತಹಸೀಲಿಗೆ ಒಂದು. ಅವುಗಳಿಗೆ ಬೇಕಾದ ಉಪಾಧ್ಯಾಯರನ್ನು ಸಿದ್ಧಪಡಿಸಲು ಮದರಾಸಿನಲ್ಲಿ ಒಂದು ಕೇಂದ್ರ. ದತ್ತ ಮಂಡಲಗಳ ಪ್ರಧಾನ ಕಲೆಕ್ಟರನಾಗಿ 1800ರಿಂದ 1807ರವರೆಗೆ ಇದೇ ಸೀಮೆಯನ್ನು ಸುತ್ತಿ ಬಲ್ಲವನಾತ; ಉಪಾಧ್ಯಾಯನ ಸಂಬಳವನ್ನು ಹೆಚ್ಚಿಸದೆ ವಿದ್ಯೆ ಹೆಚ್ಚದೆಂಬುದು ಅವನ ದೃಢನಂಬಿಕೆ. ಆದರೆ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ತಗಲಿ ತೀರಿಕೊಂಡ. ದೇಹವನ್ನು ಮೊದಲು ಮಣ್ಣುಮಾಡಿದ್ದು ನಮ್ಮ ಗುತ್ತಿಯಲ್ಲಿ. ಯೋಜನೆ ಬಹಳ ಕಾಲ ಬಾಳಲಿಲ್ಲ. 1836ರಲ್ಲಿ ತಹಸೀಲು ಶಾಲೆಗಳನ್ನು ಮುಚ್ಚಿದರು.

ಅನಂತರದ ಬೆಳವಣಿಗೆ ಪಠ್ಯಪುಸ್ತಕಗಳಲ್ಲಿ ಸಿಗುವಂಥದು. ಚುಟುಕಾಗಿ ಹೇಳಿದರೆ ಸಾಕು. 1854ರ ವುಡ್ಡನ ಪತ್ರವು ಉಪಾಧ್ಯಾಯರ ತರಬೇತಿಗೆ ಒತ್ತುಕೊಟ್ಟಿತು. 1856ರಲ್ಲಿ ಮದರಾಸಿನಲ್ಲಿ ನಾರ್ಮಲ್ ಶಾಲೆ ಸ್ಥಾಪನೆಯಾಗಿ, 1887ರಲ್ಲಿ ಅದು ಸೈದಾಪೇಟೆಗೆ ಸ್ಥಳಾಂತರಗೊಂಡು ಟೀಚರ್ಸ್ ಕಾಲೇಜು ಎನಿಸಿತು. ಪ್ರೌಢಶಾಲೆಯಲ್ಲಿ ಕಾಯಂ ಕೆಲಸ ಬೇಕಾದವರು ಬೋಧನೆಯ ತತ್ತ್ವ ಮತ್ತು ಪ್ರಯೋಗ ಎರಡರಲ್ಲಿಯೂ ಪರೀಕ್ಷೆ ಮುಗಿಸಿರಬೇಕೆಂದು ಹಂಟರ್ ಆಯೋಗ ಸೂಚಿಸಿತ್ತು. ಮದರಾಸು ವಿಶ್ವವಿದ್ಯಾಲಯದ ಎಲ್.ಟಿ. ಪದವಿ ಬಂದದ್ದು ಆ ಕಾಲದಲ್ಲಿಯೇ. ತರಬೇತಿ ಕಾಲೇಜೊಂದಕ್ಕೆ ಅಭ್ಯಾಸಶಾಲೆಯೊಂದು ಅಂಟಿಕೊಂಡೇ ಇರಬೇಕೆಂದು 1904ರಲ್ಲಿ ಕರ್ಜನ್ನನ ಸರ್ಕಾರ ನಿರ್ಣಯ ಮಾಡಿತು.

ಹೀಗೆ ಪೆನುಕೊಂಡದ ಅಥವಾ ಹಿಂದೂಪುರದ ಪದವೀಧರನೊಬ್ಬ ಪ್ರೌಢಶಾಲೆಯ ಉಪಾಧ್ಯಾಯನಾಗಬೇಕಾದರೆ ಸೈದಾಪೇಟೆಯ ಹಾದಿ ಹಿಡಿಯಬೇಕಾಯಿತು. ಅಲ್ಲಿ ಅವನೆದುರು ಕೂರುತ್ತಿದ್ದವರು ಚೆನ್ನಪಟ್ಟಣದ ಮಕ್ಕಳು. ಮೇಲಿನ ತರಗತಿಗಳಲ್ಲಿ ಪಾಠ ಹೇಳಬೇಕಾದುದು ಇಂಗ್ಲಿಷಿನಲ್ಲಿ. ಪಾಠದ ಟಿಪ್ಪಣಿಯನ್ನು ಮುಂಚಿತವಾಗಿ ಬರೆದು ಒಪ್ಪಿಗೆ ಪಡೆಯಬೇಕು. ಹರ್ಬಾರ್ಟ್ ಎಂಬ ಜರ್ಮನ್ ತತ್ತ್ವಜ್ಞನ ಅನುಯಾಯಿಗಳು ಹಾಕಿಕೊಟ್ಟ ಐದು ಮೆಟ್ಟಿಲುಗಳನ್ನು — ಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ — ನಲವತ್ತೈದು ನಿಮಿಷದೊಳಗೆ ಹತ್ತಿ ಇಳಿಯಬೇಕು. ಎಲ್ಲಕ್ಕಿಂತ ಕಠಿಣವಾದುದು ವಿಮರ್ಶಾ ಪಾಠ: ಒಬ್ಬನು ಕಲಿಸುವುದು, ಸಹಪಾಠಿಗಳೆಲ್ಲ ಹಿಂದಿನ ಬೆಂಚುಗಳಲ್ಲಿ ಕುಳಿತು ತಪ್ಪು ಗುರುತಿಸುವುದು, ಪಾಠ ಮುಗಿದ ಮೇಲೆ ಗುರುಗಳ ಸಮ್ಮುಖದಲ್ಲಿ ಅವನ್ನು ಓದಿ ಹೇಳುವುದು. ಸರ್ವೇಪಲ್ಲಿ ರಾಧಾಕೃಷ್ಣನ್ನರೂ 1910ರ ಸುಮಾರಿಗೆ ಸೈದಾಪೇಟೆಯಲ್ಲಿ ತರಬೇತಿ ಪಡೆದವರು. ಮನಶ್ಶಾಸ್ತ್ರದ ತರಗತಿಗೆ ಅವರು ಬರಬೇಕಾಗಿಲ್ಲವೆಂದ ಪ್ರಾಧ್ಯಾಪಕರು, ಬದಲಾಗಿ ಸಹಪಾಠಿಗಳಿಗೆ ಅವರಿಂದಲೇ ಉಪನ್ಯಾಸ ಕೊಡಿಸಿದರಂತೆ. ಆ ಉಪನ್ಯಾಸಗಳೇ ಮುಂದೆ ಪುಸ್ತಕವಾದವು. ಎಲ್ಲರಿಗೂ ಅಂಥ ವಿನಾಯಿತಿ ದೊರೆಯಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಗಡಿಯಾಚೆಯ ಮೈಸೂರು ಸಂಸ್ಥಾನದ ದಾರಿ ಬೇರೆಯಾಗಿತ್ತು. ಬಿ. ಎಲ್. ರೈಸ್ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನು ತಂದಾಗ, ಊರಿನ ಹಳೆಯ ಐಗಳನ್ನೇ ಆರಿಸಿ ನಾರ್ಮಲ್ ಶಾಲೆಗಳಲ್ಲಿ ತರಬೇತು ಮಾಡಿ ಮತ್ತೆ ಊರಿಗೆ ಕಳುಹಿಸುವ ವ್ಯವಸ್ಥೆಯಾಯಿತು. ಇದು ಪ್ರಾಥಮಿಕ ಶಾಲೆಗಳ ಮಾತು, ನಿಜ; ಆದರೆ ಕಲಿತ ಭಾಷೆಯಲ್ಲಿಯೇ ಕಲಿಸುವ ಅಭ್ಯಾಸ ಅಲ್ಲಿ ಬೇರೂರಿತು. ಆ ಲೋಕದ ಹಳ್ಳಿಯ ಮೇಷ್ಟರುಗಳು, ಉಪಾಧ್ಯಾಯರ ಸಂಘದ ಸಭೆಗಳು, ಇನ್‌ಸ್ಪೆಕ್ಟರರ ತಿರುಗಾಟ ಇವನ್ನೆಲ್ಲ ಕಣ್ಣಾರೆ ಕಾಣಬಯಸುವವರು ಎಂ. ಆರ್. ಶ್ರೀನಿವಾಸಮೂರ್ತಿಗಳ ‘ರಂಗಣ್ಣನ ಕನಸಿನ ದಿನಗಳು’ ಓದಬೇಕು. ನಮ್ಮ ಕಲ್ಯಾಣದುರ್ಗದ ಕಡೆಯ ರಾಳ್ಲಪಲ್ಲಿಯಲ್ಲಿ 1893ರಲ್ಲಿ ಜನಿಸಿದ ಅನಂತಕೃಷ್ಣ ಶರ್ಮರು ಮೈಸೂರಿಗೆ ಹೋಗಿ ಮಹಾರಾಜಾ ಕಾಲೇಜಿನಲ್ಲಿ ನಾಲ್ಕು ದಶಕಗಳಷ್ಟು ಕಾಲ ತೆಲುಗು ಕಲಿಸಿದರು, ಕನ್ನಡದಲ್ಲಿಯೂ ಬರೆದರು. ತರಬೇತಿಯ ಕಥೆಗೆ ಅವರು ನೇರವಾಗಿ ಸೇರಿದವರಲ್ಲ. ಆದರೂ ಎರಡು ಭಾಷೆಗಳ ತರಗತಿಗಳಲ್ಲಿ ಸಲೀಸಾಗಿ ಓಡಾಡಬಲ್ಲ ಉಪಾಧ್ಯಾಯನನ್ನು ಈ ಮಣ್ಣು ಕೊಡಬಲ್ಲದೆಂಬುದಕ್ಕೆ ಅವರಿಗಿಂತ ದೊಡ್ಡ ನಿದರ್ಶನ ನನಗೆ ತೋರದು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾಯಿತು. ಬಳ್ಳಾರಿಯ ಬಹುಭಾಗ ಮೈಸೂರಿಗೆ ಹೋಯಿತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಬಂದವು. ಮಡಕಶಿರಾ, ಹಿಂದೂಪುರ, ಪೆನುಕೊಂಡ, ಕಲ್ಯಾಣದುರ್ಗಗಳು ಅನಂತಪುರದೊಡನೆ ಇಲ್ಲಿಯೇ ಉಳಿದವು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಸೌಕರ್ಯ ಕಲ್ಪಿಸುವಂತೆ ರಾಜ್ಯಗಳಿಗೆ ಹೇಳುತ್ತದೆ. ಅದರ ಮಾತು ಪ್ರಾಥಮಿಕ ಹಂತಕ್ಕೇ ನಿಲ್ಲುತ್ತದೆ. ಪ್ರೌಢಶಾಲೆಯನ್ನು ಅದು ಹೆಸರಿಸುವುದಿಲ್ಲ, ಅಲ್ಲಿಯ ಉಪಾಧ್ಯಾಯನ ತರಬೇತಿಯನ್ನಂತೂ ಇಲ್ಲವೇ ಇಲ್ಲ. ನಮ್ಮ ಗಡಿನಾಡಿನ ಕನ್ನಡ ಶಾಲೆಗಳ ಎಷ್ಟೋ ತೊಡಕುಗಳು ಈ ಬಿರುಕಿನಲ್ಲಿಯೇ ಹುಟ್ಟುತ್ತವೆಂದು ನನ್ನ ಎಣಿಕೆ.

ಈ ಮಧ್ಯೆ ತರಬೇತಿಯ ರೂಪವೂ ಬದಲಾಯಿತು. 1963ರಲ್ಲಿ ಮೈಸೂರಿನಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಕಾಲೇಜು ಆಂಧ್ರವೂ ಸೇರಿದಂತೆ ದಕ್ಷಿಣದ ರಾಜ್ಯಗಳಿಗೆಲ್ಲ ಸೇರಿದ ಸಂಸ್ಥೆ. ಬಿಡಿಬಿಡಿ ಪಾಠಗಳ ಬದಲಿಗೆ, ವಿದ್ಯಾರ್ಥಿ ಉಪಾಧ್ಯಾಯರು ಕೆಲವು ವಾರ ಶಾಲೆಯೊಂದರಲ್ಲಿಯೇ ಇದ್ದು ಪೂರ್ತಿ ಕೆಲಸಮಾಡುವ ಇಂಟರ್ನ್‌ಶಿಪ್ ಕ್ರಮ ಅಲ್ಲಿ ನಡೆಯಿತು. ಉಳಿದ ಕಡೆ ಒಂದು ವರ್ಷದ ಬಿ.ಇಡಿ.ಯಲ್ಲಿ ಎರಡು ವಿಷಯಗಳಿಂದ ಸುಮಾರು ನಲವತ್ತು ಪಾಠ ಮುಗಿಸಿದರೆ ಸಾಕಿತ್ತು. ಅದಕ್ಕೂ ಮೊದಲು ಸೂಕ್ಷ್ಮಬೋಧನೆಯೆಂಬ ವಿಧಾನ: ಸಹಪಾಠಿಗಳೇ ಮಕ್ಕಳಾಗಿ ಕುಳಿತು ಆರು ನಿಮಿಷ ಪಾಠ ಕೇಳುವುದು. ಮೂವತ್ತರ ಹತ್ತಿರದವರು ಎಂಟನೆಯ ತರಗತಿಯ ಹುಡುಗರಂತೆ ಕೈಯೆತ್ತುವ ಆ ನೋಟವನ್ನು ಕಂಡವರಿಗೆ ನಗು ತಡೆಯುವುದು ಕಷ್ಟ. ಶಾಲೆಯವರಿಗೂ ಅವರದೇ ದೂರುಗಳಿದ್ದವು. ಹೊಸಬರು ಬಂದು ಹೋದ ಮೇಲೆ ಅದೇ ಪಾಠಗಳನ್ನು ಮತ್ತೆ ಹೇಳಬೇಕು, ಪಠ್ಯ ಹಿಂದೆ ಬೀಳುತ್ತದೆ ಎಂದು ಮುಖ್ಯೋಪಾಧ್ಯಾಯರ ಗೊಣಗಾಟ. ಮಕ್ಕಳು ಮಾತ್ರ ಬಹು ಚುರುಕು. ಬಣ್ಣದ ಚಿತ್ರಪಟ ಬಂದಿತೆಂದರೆ ಹಿಂದಿನ ಬೆಂಚಿನಲ್ಲಿ ಪರೀಕ್ಷಕರು ಕುಳಿತಿದ್ದಾರೆಂದು ಅವರಿಗೆ ತಿಳಿದುಬಿಡುತ್ತಿತ್ತು.

ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಮಂಡಳಿಯ 2014ರ ನಿಯಮಗಳು ಇದನ್ನು ಬದಲಿಸಿದವು. ಬಿ.ಇಡಿ. ಎರಡು ವರ್ಷದ್ದಾಯಿತು, ಶಾಲೆಯಲ್ಲಿ ಕಳೆಯಬೇಕಾದ ಅವಧಿ 20 ವಾರಗಳಾಯಿತು, ಮೊದಲ ವರ್ಷ 4, ಎರಡನೆಯ ವರ್ಷ 16. ಹಾಜರಿ, ಪ್ರಾರ್ಥನೆ, ಪೋಷಕರ ಸಭೆ, ಪರೀಕ್ಷೆಯ ಮೌಲ್ಯಮಾಪನ ಎಲ್ಲಕ್ಕೂ ಹೆಗಲು ಕೊಡಬೇಕು. ಕಾಗದದ ಮೇಲಿನ ವಾರಗಳು ತರಗತಿಯಲ್ಲಿ ಎಷ್ಟಾಗುತ್ತವೆಯೆಂಬುದು ಬೇರೆ ಪ್ರಶ್ನೆ.

ಇಲ್ಲಿ ಗಡಿನಾಡಿನ ಕನ್ನಡಿಗರಿಗೆ ಒಂದು ವಿಚಿತ್ರವಾದ ಇಕ್ಕಟ್ಟು ಎದುರಾಗುತ್ತದೆ. ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆಗಳ ಕಡೆಯ, ಅಥವಾ ರಾಯದುರ್ಗ, ಡಿ. ಹಿರೇಹಾಳುಗಳ ಕಡೆಯ ಹುಡುಗಿಯೊಬ್ಬಳು ಕನ್ನಡ ಮಾಧ್ಯಮದಲ್ಲಿ ಓದಿ ಗಣಿತದ ಉಪಾಧ್ಯಾಯಿನಿಯಾಗಬಯಸಿದಳೆನ್ನೋಣ. ತುಮಕೂರಿಗೋ ಬೆಂಗಳೂರಿಗೋ ಹೋದರೆ ಅಭ್ಯಾಸಪಾಠ ಕನ್ನಡದಲ್ಲಿ ದೊರೆಯುತ್ತದೆ, ಆದರೆ ಅಲ್ಲಿಯದು ಕರ್ನಾಟಕದ ಪಠ್ಯ. ಇಲ್ಲಿಯೇ ಕಾಲೇಜಿಗೆ ಸೇರಿದರೆ ಪಠ್ಯ ನಮ್ಮದೇ, ಆದರೆ ಕಾಲೇಜಿನ ಸುತ್ತಲಿನ ಶಾಲೆಗಳು ಬಹುಮಟ್ಟಿಗೆ ತೆಲುಗು ಅಥವಾ ಇಂಗ್ಲಿಷ್ ಮಾಧ್ಯಮದವು. ಎರಡು ದಾರಿಯಲ್ಲಿಯೂ, ಮುಂದೆ ತಾನು ಯಾವ ಮಕ್ಕಳಿಗೆ, ಯಾವ ಪುಸ್ತಕವನ್ನು, ಯಾವ ಭಾಷೆಯಲ್ಲಿ ಕಲಿಸಬೇಕೋ ಆ ಮೂರೂ ಒಂದೆಡೆ ಕೂಡಿದ ತರಗತಿಯಲ್ಲಿ ನಿಂತು ಅಭ್ಯಾಸ ಮಾಡುವ ಅವಕಾಶ ಅವಳಿಗೆ ದೊರೆಯುವುದು ಅಪರೂಪ. ಆಂಧ್ರದ ಉಪಾಧ್ಯಾಯ ಅರ್ಹತಾ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಡಿ.ಎಸ್.ಸಿ. ನೇಮಕದಲ್ಲಿ ಕನ್ನಡದ ಹುದ್ದೆಗಳೂ ಇವೆ. ಪರೀಕ್ಷೆಗೂ ಹುದ್ದೆಗೂ ನಡುವೆ ಇರಬೇಕಾದ ಅಭ್ಯಾಸದ ತರಗತಿಯೇ ಕೈಗೆಟುಕದು.

ಇದಕ್ಕೆ ಹೊಸ ಕಾಲೇಜು ಬೇಕಾಗಿಲ್ಲ. 20 ವಾರಗಳಲ್ಲಿ ಕೆಲವನ್ನಾದರೂ ಮಡಕಶಿರಾ, ರಾಯದುರ್ಗಗಳ ಕನ್ನಡ ಪ್ರೌಢಶಾಲೆಗಳಲ್ಲಿ ಕಳೆಯಲು, ಗಡಿಯ ಎರಡೂ ಕಡೆಯ ಕಾಲೇಜುಗಳ ಕನ್ನಡ ವಿದ್ಯಾರ್ಥಿಗಳಿಗೆ ಅನುಮತಿ ದೊರೆತರೆ ಸಾಕು. ಶಾಲೆಗಳಿಗೆ ಉಪಾಧ್ಯಾಯರ ಕೊರತೆಯಿರುವ ದಿನಗಳಲ್ಲಿ ಅದು ಶಾಲೆಗೂ ನೆರವು. ನಮ್ಮ ಸಂಘಗಳು ಎರಡೂ ರಾಜ್ಯಗಳ ಅಧಿಕಾರಿಗಳ ಮುಂದೆ ಇಡಬಹುದಾದ ಬೇಡಿಕೆಗಳಲ್ಲಿ ಇಷ್ಟು ಅಲ್ಪ ಖರ್ಚಿನದು ಇನ್ನೊಂದಿಲ್ಲ. ಬರುವವರಿಗೆ ಊರಿನಲ್ಲಿ ಒಂದು ಕೋಣೆ, ಎರಡು ಹೊತ್ತಿನ ಊಟದ ವ್ಯವಸ್ಥೆ ಆಗಬೇಕು. ಅದಕ್ಕೆ ಸರ್ಕಾರದ ಆದೇಶ ಬೇಕಾಗಿಲ್ಲ.