ಗೊರವರು: ಮೈಲಾರಲಿಂಗನ ದಂಡು

ಮೈಲಾರಲಿಂಗನಿಗೆ ಹರಕೆ ಹೊತ್ತು ದೀಕ್ಷೆ ಪಡೆದ ಭಕ್ತರೇ ಗೊರವರು. ವಿಜಯನಗರ ಜಿಲ್ಲೆ ಹೂವಿನಹಡಗಲಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಗಿರುವ ಮೈಲಾರ ಇವರ ಮುಖ್ಯ ಕ್ಷೇತ್ರ. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಸೀಮೆಗೂ ಗೊರವಯ್ಯನ ಡಮರುಗದ ಸದ್ದು ಚಿರಪರಿಚಿತ. ಇವರಲ್ಲಿ ಕುರುಬರೇ ಹೆಚ್ಚು. ಇತರ ಜಾತಿಯವರೂ ದೀಕ್ಷೆ ಪಡೆಯುತ್ತಾರೆ. ದೀಕ್ಷೆ ಪಡೆದ ಹೆಣ್ಣುಮಕ್ಕಳು ಗೊರವಮ್ಮಂದಿರು.

ಹೆಸರು, ಐತಿಹ್ಯ

ಹಳಗನ್ನಡ ಶಾಸನಗಳಲ್ಲಿ ‘ಗೊರವ’ ಎಂದರೆ ಶೈವ ತಪಸ್ವಿ, ಗುರು. ಮುಂದೆ ಆ ಹೆಸರು ಮೈಲಾರನ ಒಕ್ಕಲಿಗೆ ನಿಂತಿತು. ಮಣಿಕಾಸುರ, ಮಲ್ಲಾಸುರರ ಸಂಹಾರಕ್ಕಾಗಿ ಶಿವನು ಮೈಲಾರನಾಗಿ ಏಳು ಕೋಟಿ ದಂಡಿನೊಡನೆ ಬಂದನೆಂಬುದು ಐತಿಹ್ಯ. ‘ಏಳುಕೋಟಿಗೋ ಚಾಂಗಮಲೋ’ ಎಂಬ ಘೋಷದಲ್ಲಿ ಆ ದಂಡಿನ ನೆನಪಿದೆ. ಮಹಾರಾಷ್ಟ್ರದ ಜೇಜುರಿಯಲ್ಲಿ ಮೈಲಾರನದೇ ರೂಪವಾದ ಖಂಡೋಬನ ಭಕ್ತರು ಕೂಗುವ ‘ಯೇಳಕೋಟ’ವೂ ಇದೇ, ಅಲ್ಲಿನ ವಾಘ್ಯಾಗಳು ಗೊರವರಿಗೆ ಸಮಾನರು.

ವೇಷ, ಸೇವೆ

ಕರಿಕಂಬಳಿಯ ನಿಲುವಂಗಿ, ತಲೆಗೆ ಕರಡಿ ಕೂದಲಿನ ಟೊಪ್ಪಿಗೆ, ಕೊರಳಿಗೆ ಕವಡೆ ಸರ, ಕೈಯಲ್ಲಿ ಡಮರುಗ ಮತ್ತು ಕೊಳಲು, ಹೆಗಲಿಗೆ ಭಂಡಾರದ ಚೀಲ ಇವರ ವೇಷ. ಭಂಡಾರವೆಂದರೆ ಅರಿಸಿನದ ಪುಡಿ. ಭಕ್ತರ ಹಣೆಗೆ ಅದನ್ನೇ ಹಚ್ಚುತ್ತಾರೆ. ಮೈಲಾರನ ದಂಡಿನಲ್ಲಿ ನಾಯಿಗಳೂ ಇದ್ದವೆಂಬ ನಂಬಿಕೆಯಿಂದ ದೋಣಿ ಸೇವೆ ಬಂದಿದೆ. ದೋಣಿಯೆಂಬ ಪಾತ್ರೆಯಲ್ಲಿ ಹಾಲು, ಬಾಳೆಹಣ್ಣು ಮುಂತಾದವನ್ನು ಕಲಸಿಟ್ಟಾಗ ಗೊರವರು ಮಂಡಿಯೂರಿ, ಬೊಗಳುತ್ತ, ಕೈ ಮುಟ್ಟಿಸದೆ ಬಾಯಿಂದಲೇ ತಿನ್ನುತ್ತಾರೆ. ನಾಯಿಯಂತೆ ದೇವರ ಬಾಗಿಲು ಕಾಯುವವನಿಗೆ ಇದು ಅವಮಾನವಲ್ಲ, ನಿಯತ್ತು.

ಕಾರ್ಣಿಕ

ಮಾಘ ಮಾಸದ ಭಾರತ ಹುಣ್ಣಿಮೆ ಕಳೆದ ಎರಡು ದಿನಕ್ಕೆ, ಮೈಲಾರದ ಡೆಂಕನಮರಡಿಯಲ್ಲಿ ಕಾರ್ಣಿಕ, ಅಂದರೆ ದೈವದ ಭವಿಷ್ಯವಾಣಿ, ನಡೆಯುತ್ತದೆ. ಉಪವಾಸ ವ್ರತದಲ್ಲಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಿದ್ದಂತೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಸಾಲಿನ ನುಡಿ, ಕೊನೆಗೆ ‘ಪರಾಕ್’. ನುಡಿದವನೇ ಬಿಲ್ಲಿನಿಂದ ಕೆಳಕ್ಕೆ ಬೀಳುತ್ತಾನೆ, ನಿಂತವರು ಹಿಡಿದುಕೊಳ್ಳುತ್ತಾರೆ. ಆ ನುಡಿಯಲ್ಲಿ ರೈತರು ಮಳೆ-ಬೆಳೆಯ ಸೂಚನೆ ಹುಡುಕಿದರೆ, ಉಳಿದವರು ರಾಜಕೀಯದ ಅರ್ಥ ಹಚ್ಚುತ್ತಾರೆ. ಜಾತ್ರೆಯಲ್ಲಿ ಗೊರವರ ಸರಪಳಿ ಪವಾಡವೂ, ಕಾಲಿಗೆ ಗೂಟ ಚುಚ್ಚಿಕೊಳ್ಳುವ ಕಂಚಾವೀರರ ಪವಾಡವೂ ನಡೆಯುತ್ತವೆ. ಹಾವೇರಿ ಜಿಲ್ಲೆಯ ದೇವರಗುಡ್ಡದಲ್ಲೂ ನವರಾತ್ರಿಯ ವೇಳೆ ಕಾರ್ಣಿಕವಾಗುತ್ತದೆ.

ಇಂದು

ಗೊರವರ ಕುಣಿತ ಮೈಸೂರು ದಸರಾ ಮೆರವಣಿಗೆಯವರೆಗೂ ಹೋಗಿ ಜನಪದ ಕಲೆಯೆಂದು ಹೆಸರಾಗಿದೆ. ಆದರೆ ವೇದಿಕೆಯ ಮೇಲೆ ಕಾಣುವುದು ಕುಣಿತವಷ್ಟೇ. ಅದರ ಹಿಂದಿನ ದೀಕ್ಷೆ, ಉಪವಾಸ, ತಲೆಮಾರಿನಿಂದ ತಲೆಮಾರಿಗೆ ಬಂದ ಹರಕೆಯನ್ನು ಅರಿಯಬೇಕಾದರೆ ಮೈಲಾರದ ಜಾತ್ರೆಗೇ ಹೋಗಬೇಕು.